ನಿಕೋಟಿನ್ ಗಮ್: ಸಿಗರೇಟು ಬಿಡಲು ಸರಿ, ಮಿದುಳಿನ ಟಾನಿಕ್ ಅಲ್ಲ

ಸಿಗರೇಟು ಬಿಡಲೆಂದು ನಾನು ಬಳಸಿದ 2 ಮಿಲಿಗ್ರಾಂ ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತದೆ. ಆ ಒಂದು ಕೆಲಸಕ್ಕೆ ಇದನ್ನು ಬಳಸಿರೆಂದು ಯಾರಿಗಾದರೂ ಮನಸಾರೆ ಹೇಳಬಲ್ಲೆ. ಆದರೆ ಬಳಸುವ ಕ್ರಮ ತಿಳಿದಿರಬೇಕು. ಮಾಮೂಲಿ ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿದರೆ ನಿಕೋಟಿನ್ ಜೊಲ್ಲಿನೊಡನೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತವೆ. ಖಾರದ ರುಚಿ ಬರುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿಕೊಂಡು, ರುಚಿ ಅಡಗಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಒಂದು ಗಮ್ ಸುಮಾರು ಅರ್ಧ ಗಂಟೆ ಬರುತ್ತದೆ. ಕಾಫಿ ಕುಡಿದೊಡನೆ ಹಾಕಿಕೊಂಡರೆ ಬಾಯಿಯ ಆಮ್ಲೀಯತೆಯಿಂದ ನಿಕೋಟಿನ್ ರಕ್ತಕ್ಕೆ ಸೇರುವುದು ಕುಗ್ಗುವುದರಿಂದ ಕಾಲು ಗಂಟೆ ತಡೆಯಬೇಕು. ಕಾಫಿಯ ಜೊತೆಗೇ ಸಿಗರೇಟು ಹಚ್ಚುವ ರೂಢಿಯಿದ್ದವರಿಗೆ ಇದೇ ಕಷ್ಟದ ಹೊತ್ತು.

ನನ್ನ ಆಕ್ಷೇಪವಿರುವುದು, ಸಿಗರೇಟನ್ನೇ ಮುಟ್ಟದವರೂ ಕೈಕಾಲು ನಡುಗಿಸುವ ಮಿದುಳಿನ ಕಾಯಿಲೆಯಾದ ಪಾರ್ಕಿನ್ಸನ್ ತಡೆಯಲು, ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಇದನ್ನು ಜಗಿಯಬಹುದೆಂಬ ಸಲಹೆಗೆ. ಈ ನಂಬಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಧೂಮಪಾನಿಗಳಲ್ಲಿ ಪಾರ್ಕಿನ್ಸನ್ ಕಡಿಮೆಯೆಂದು ಅನೇಕ ಜನಸಮೀಕ್ಷೆಗಳು ತೋರಿಸಿವೆ. ರೋಗನಿರೋಧಕ ಕಣಗಳಾದ ಮ್ಯಾಕ್ರೋಫೇಜ್‌ಗಳ ಮೇಲೂ ನಿಕೋಟಿನ್ ಅಂಟಿಕೊಳ್ಳುವ ಆಲ್ಫಾ-7 ಗ್ರಾಹಕವಿದ್ದು, ಮಿದುಳಿನಿಂದ ಹೊಟ್ಟೆಯವರೆಗೆ ಸಾಗುವ ವೇಗಸ್ ನರ ಅದರ ಮೂಲಕವೇ ಉರಿಯೂತವನ್ನು ತಗ್ಗಿಸುತ್ತದೆಂದು ಅಮೆರಿಕದ ವಿಜ್ಞಾನಿ ಕೆವಿನ್ ಟ್ರೇಸಿ ಅವರ ತಂಡ 2003ರಲ್ಲಿ ಪ್ರಕಟಿಸಿತು. ಆದರೆ ಉರಿಯೂತ ತಗ್ಗುವುದೆಂದರೆ ರೋಗನಿರೋಧಕ ಶಕ್ತಿ ಹೆಚ್ಚುವುದು ಎಂದಲ್ಲ. ಸೋಂಕಿನ ವಿರುದ್ಧ ದೇಹ ಮೊದಲು ಹೂಡುವ ಹೋರಾಟವೂ ಉರಿಯೂತವೇ.

ಪಾರ್ಕಿನ್ಸನ್ ವಿಷಯದಲ್ಲಂತೂ ನೇರ ಪರೀಕ್ಷೆಯೇ ನಡೆದಿದೆ. ಜರ್ಮನಿ ಮತ್ತು ಅಮೆರಿಕದಲ್ಲಿ, ಕಾಯಿಲೆಯ ಆರಂಭದ ಹಂತದಲ್ಲಿದ್ದವರಿಗೆ ಒಂದು ವರ್ಷ ಚರ್ಮಕ್ಕೆ ನಿಕೋಟಿನ್ ಪಟ್ಟಿ (ಪ್ಯಾಚ್) ಅಂಟಿಸಿ ನೋಡಿದ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು: ಕಾಯಿಲೆಯ ಓಟ ನಿಧಾನವಾಗಲಿಲ್ಲ. ಇನ್ನು ನಿಕೋಟಿನ್ ಒಳ್ಳೆಯದೆಂಬ ನೆಪದಲ್ಲಿ ಸಿಗರೇಟನ್ನೇ ಸಮರ್ಥಿಸುವವರಿಗೆ, ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳಾದ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ಕಾಯಿಲೆ) ಮತ್ತು ರುಮಟಾಯ್ಡ್ ಸಂಧಿವಾತ ಎರಡರ ಅಪಾಯವನ್ನೂ ಧೂಮಪಾನ ಹೆಚ್ಚಿಸುತ್ತದೆಂಬುದನ್ನು ನೆನಪಿಸಬೇಕಾಗುತ್ತದೆ.

ಹೃದಯದ ತೊಂದರೆಯಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಗಮ್ ಕೊಳ್ಳಬಾರದು. ಬಿಡಲು ಹೊರಟವರು ಸುಮಾರು 12 ವಾರಗಳಲ್ಲಿ ಗಮ್‌ಗಳ ಸಂಖ್ಯೆಯನ್ನು ಇಳಿಸುತ್ತ ಬರಬೇಕು. ಜೊತೆಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಆಪ್ತಸಲಹೆಯೂ ದೊರೆಯುತ್ತದೆ.