ಹೋಮ್ ಸರ್ವರಿನ ಪಂಕ್ತಿಭೇದ ಮತ್ತು ಒಂದು ಹಳೆಯ ಥಿಂಕ್‌ಸೆಂಟರ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ, ಟಿವಿಯ ಪಕ್ಕದ ಗೂಡಿನಲ್ಲಿ, ಆರು ತಿಂಗಳಿಂದ ಹೋಮ್ ಸರ್ವರಾಗಿ, ಅಂದರೆ ಮನೆಮಂದಿಯ ಚಿತ್ರ, ಹಾಡುಗಳನ್ನು ಇಟ್ಟುಕೊಂಡು ಕೇಳಿದಾಗ ಒದಗಿಸುವ ಯಂತ್ರವಾಗಿ, ಹಗಲಿರುಳೂ ಓಡುತ್ತಿರುವ ಲೆನೊವೊ ಥಿಂಕ್‌ಸೆಂಟರ್ ಎಂ900 ಟೈನಿ ಎಂಬ ಪುಟ್ಟ ಕಂಪ್ಯೂಟರಿನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರ್ ಮಾರುವ ಅಂಗಡಿಯೊಂದರಲ್ಲಿ, 8 ಜಿಬಿ ರ‍್ಯಾಮ್ ಮತ್ತು ಚಾರ್ಜರ್ ಸೇರಿ, 8,500 ರೂಪಾಯಿಗೆ ಕೊಂಡೆ. ಇಂಟೆಲ್‌ನ ಆರನೆಯ ತಲೆಮಾರಿನದಾದ ಇದರ ಐ5-6500ಟಿ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದದ್ದರಿಂದ ಕಚೇರಿಗಳಿಗೆ ಬೇಡವಾದ ಈ ಯಂತ್ರಗಳು ಡೆಬಿಯನ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆ ಹಾಕಿಕೊಳ್ಳುವ ನಮ್ಮಂಥವರಿಗೆ ಒದಗುತ್ತಿವೆ.

ಕೊಂಡ ವಾರದಲ್ಲೇ ಈ ಹವ್ಯಾಸದ ಹಿರಿಯರೊಬ್ಬರು ಮನೆಗೆ ಬಂದು, ಕಾಫಿ ಕುಡಿಯುತ್ತಲೇ, "ಇದನ್ನ ಸರ್ವರ್ ಅಂತೀರಲ್ಲ ಸ್ವಾಮಿ, ಊಟದ ಡಬ್ಬಿ ಇದ್ದಂಗಿದೆ" ಎಂದು ತೀರ್ಪು ಕೊಟ್ಟರು. ಸರ್ವರುಗಳನ್ನು ಜೋಡಿಸಿಡುವ 19 ಅಂಗುಲದ ರ‍್ಯಾಕ್, ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವಂತೆ ನಾಲ್ಕಾದರೂ ಡಿಸ್ಕುಗಳನ್ನು ಜೋಡಿಸಿದ ರೇಡ್, ನೆಟ್‌ವರ್ಕನ್ನು ಬೇಕಾದಂತೆ ಹೊಂದಿಸಬಲ್ಲ ಮ್ಯಾನೇಜ್ಡ್ ಸ್ವಿಚ್ ಇಲ್ಲದವರು ಹೋಮ್ ಲ್ಯಾಬ್ (ಮನೆಯ ಸರ್ವರ್ ಪ್ರಯೋಗಶಾಲೆ) ಎಂಬ ಮಾತನ್ನೇ ಎತ್ತಕೂಡದೆಂಬುದು ಅವರ ನಿಲುವು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟುಕೊಂಡ ಹುಡುಗರನ್ನಂತೂ ಅವರು ಪಂಕ್ತಿಯಲ್ಲೇ ಕೂರಿಸುವುದಿಲ್ಲ. ಆದರೆ ಕೇಳಿದವರಿಗೆ ಕೇಳಿದ್ದನ್ನು ಬಡಿಸುವ ಯಂತ್ರಕ್ಕೆಲ್ಲ ಸರ್ವರ್ ಎಂಬ ಹೆಸರು ಸಲ್ಲಬೇಕಲ್ಲವೇ? 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಿನ ತಮ್ಮ ಮನೆಯಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿಯನ್ನು ಆರಂಭಿಸಿದಾಗ, ಇದು ನಿಲಯದಂತೆ ಕಾಣುವುದಿಲ್ಲವೆಂದು ಮೂಗು ಮುರಿದವರೂ ಇದ್ದಿರಬಹುದು.

ರ‍್ಯಾಕ್ ಸರ್ವರಿನ ಮಾತಿಗೆ ನನ್ನ ಉತ್ತರವಿರುವುದು ಕರೆಂಟ್ ಬಿಲ್ಲಿನಲ್ಲಿ. ಸುಮ್ಮನಿರುವಾಗ ಈ ಯಂತ್ರ ಎಳೆಯುವುದು ಸುಮಾರು 12 ವಾಟ್. ತಿಂಗಳಿಗೆ ಒಂಬತ್ತು ಯೂನಿಟ್ಟಿನೊಳಗೆ ಮುಗಿಯುತ್ತದೆ. 100 ವಾಟ್ ಎಳೆಯುವ ಹಳೆಯ ರ‍್ಯಾಕ್ ಸರ್ವರಾದರೆ 72 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತವೆಂದು ಬಾಯಿಮಾತಿನಲ್ಲಿ ಹೇಳಿದರೂ, ಪ್ರತಿ ಮನೆಯ ಮಿತಿ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ, 72 ಯೂನಿಟ್ ಹೆಚ್ಚಾದರೆ ನಮ್ಮಂಥ ಮನೆಗೆ ಬಿಲ್ ಬಂದೇ ಬರುತ್ತದೆ. ಹಜಾರದಲ್ಲಿ ಆ ಸರ್ವರಿನ ಫ್ಯಾನುಗಳ ಗದ್ದಲವನ್ನು ಮನೆಯವರು ಒಂದು ದಿನವೂ ಸಹಿಸಲಾರರು. ನಮ್ಮ ಪುಟ್ಟ ಯಂತ್ರದ ಸದ್ದು ರಾತ್ರಿಯಲ್ಲಿ ಕಿವಿಗೊಟ್ಟರೆ ಮಾತ್ರ ಕೇಳುತ್ತದೆ.

ಕೆಲಸದಲ್ಲಿ ಕೊರತೆ ಕಂಡದ್ದು ಕಡಿಮೆ. ಜಾಹೀರಾತುಗಳನ್ನು ತಡೆಯುವ ಪೈ-ಹೋಲ್, ಮನೆಮಂದಿಯ ಫೋನುಗಳ ಚಿತ್ರಗಳನ್ನು ಸೇರಿಸಿಡುವ ಇಮ್ಮಿಚ್, ಅಮ್ಮನವರ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡುಗಳನ್ನು ಕೇಳಿಸುವ ಜೆಲ್ಲಿಫಿನ್, ಹೊರಗಿನಿಂದ ಮನೆಯ ನೆಟ್‌ವರ್ಕನ್ನು ಸುರಕ್ಷಿತವಾಗಿ ತಲುಪಲು ವೈರ್‌ಗಾರ್ಡ್, ಎಲ್ಲವೂ ತೊಡಕಿಲ್ಲದೆ ನಡೆಯುತ್ತಿವೆ. 10 ಬಿಟ್‌ನ ಎಚ್‌ಇವಿಸಿ ಎಂಬ ಹೆಚ್ಚು ಒತ್ತಿ ಕುಗ್ಗಿಸಿದ ಬಗೆಯ ವಿಡಿಯೊವನ್ನು ಬೇರೆ ರೂಪಕ್ಕೆ ತಿರುಗಿಸಬೇಕಾದಾಗ ಮಾತ್ರ ಏದುಸಿರು ಬಿಡುತ್ತದೆ. ಅದಕ್ಕೆ ಪೂರ್ಣ ಹಾರ್ಡ್‌ವೇರ್ ನೆರವು ಬಂದದ್ದು ಇಂಟೆಲ್‌ನ ಏಳನೆಯ ತಲೆಮಾರಿನ ಪ್ರೊಸೆಸರುಗಳಿಂದ.

ಹಿರಿಯರ ಒಂದು ಆಕ್ಷೇಪವನ್ನು ಒಪ್ಪಲೇಬೇಕು. ಒಳಗೆ ಒಂದು ಎಂ.2 (ಪಟ್ಟಿಯಂಥ ಪುಟ್ಟ ಎಸ್‌ಎಸ್‌ಡಿ) ಮತ್ತು ಒಂದು ಎರಡೂವರೆ ಅಂಗುಲದ ಡಿಸ್ಕಿಗಷ್ಟೇ ಜಾಗವಿದೆ. ಮನೆಯ ಚಿತ್ರಗಳೆಲ್ಲ ಒಂದೇ ಡಿಸ್ಕಿನಲ್ಲಿರುವುದು ತಲೆಯ ಮೇಲಿನ ಕತ್ತಿಯೇ. ಹಾಗಾಗಿ ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ಪ್ರತಿ ಮಾಡಿ, ಅದನ್ನು ತಂಗಿಯ ಮನೆಯಲ್ಲಿಡುತ್ತೇನೆ. ಕರೆಂಟ್ ಹೋದಾಗಿನ ಪಾಡು ಬೇರೆ: ಇದರ ಚಾರ್ಜರ್ 20 ವೋಲ್ಟಿನದು, ಆದ್ದರಿಂದ ರೂಟರಿಗೆಂದು ತಂದ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಆಗುವುದಿಲ್ಲ, ಇನ್ವರ್ಟರ್ ಲೈನಿಗೇ ಸಿಕ್ಕಿಸಬೇಕು.

ಕೊಳ್ಳುವವರು ಅಂಗಡಿಯಲ್ಲೇ ಯಂತ್ರವನ್ನು ಆನ್ ಮಾಡಿಸಿ, ಬಯೋಸ್ (ಯಂತ್ರದ ಮೂಲ ಸೆಟ್ಟಿಂಗುಗಳ ಪರದೆ) ತೆರೆಯುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು. ನನಗೆ ಮೊದಲು ಕೊಟ್ಟ ಯಂತ್ರದಲ್ಲಿ ಹಿಂದಿನ ಕಚೇರಿಯವರು ಹಾಕಿದ್ದ ಪಾಸ್‌ವರ್ಡ್ ಹಾಗೆಯೇ ಉಳಿದಿತ್ತು. ಎರಡು ಸಲ ಅಲೆದ ಮೇಲೆ ಬದಲಿಸಿಕೊಟ್ಟರು.