ಎರಡು ವಾರದ ಗಡುವೋ, ಮೂರು ಚೀಟಿಯ ಮಿತಿಯೋ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಗಳಿಗೆ ತೂಕ, ಬಿಲ್ಲು, ರೈತರ ಖಾತೆ ನೋಡಿಕೊಳ್ಳುವ ಆ್ಯಪ್ ನಮ್ಮದು. ತಂಡದಲ್ಲಿ ಏಳು ಜನ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊಣೆ ನನ್ನದು. ತಂಡದ ಕೆಲಸವನ್ನು ಹೊಂದಿಸಿಕೊಳ್ಳಲು ಸ್ಕ್ರಮ್, ಕಾನ್‌ಬಾನ್ ಎಂಬ ಎರಡು ಪದ್ಧತಿಗಳಿವೆ. ಒಂದು ಮೆಕ್ಕೆಜೋಳದ ಸುಗ್ಗಿಯನ್ನು ಸ್ಕ್ರಮ್ ಪದ್ಧತಿಯಲ್ಲೂ ಮರುವರ್ಷದ ಸುಗ್ಗಿಯನ್ನು ಕಾನ್‌ಬಾನ್ ಪದ್ಧತಿಯಲ್ಲೂ ನಡೆಸಿದೆ.

ಸ್ಕ್ರಮ್ ಕಟ್ಟು ಹಾಕುವುದು ಕಾಲಕ್ಕೆ. ಕೆಲಸ ನಡೆಯುವುದು ಸ್ಪ್ರಿಂಟ್ ಎಂಬ ನಿಗದಿತ ಅವಧಿಗಳಲ್ಲಿ. ಒಂದು ಸ್ಪ್ರಿಂಟ್ ತಿಂಗಳನ್ನು ಮೀರುವಂತಿಲ್ಲ. ನಾವು ಎರಡು ವಾರ ಇಟ್ಟುಕೊಂಡೆವು. ದಿನವೂ 15 ನಿಮಿಷ ಕಲೆತು ಮಾತು, ಕೊನೆಯಲ್ಲಿ ಮಾಡಿದ್ದನ್ನು ತೋರಿಸುವ ಸಭೆ. ಕಾನ್‌ಬಾನ್ ಕಟ್ಟು ಹಾಕುವುದು ಕೈಯಲ್ಲಿರುವ ಕೆಲಸಗಳ ಸಂಖ್ಯೆಗೆ. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಪಿಸಿದ ಕ್ರಮ ಅದರ ಮೂಲ: ಮುಂದಿನ ಹಂತದವರಿಗೆ ಬೇಕಾದಾಗ, ಬೇಕಾದಷ್ಟನ್ನೇ ಹಿಂದಿನವರು ಮಾಡಿಕೊಡಬೇಕು. ನಮ್ಮ ಗೋಡೆಯ ಫಲಕದಲ್ಲಿ ಒಂದು ಕೆಲಸಕ್ಕೆ ಒಂದು ಚೀಟಿ. ‘ನಡೆಯುತ್ತಿದೆ’ ಅಂಕಣದಲ್ಲಿ ಮೂರೇ ಚೀಟಿಗೆ ಜಾಗ. ಒಂದು ಮುಗಿಯದೆ ನಾಲ್ಕನೆಯದು ಬರುವಂತಿಲ್ಲ.

ಸ್ಕ್ರಮ್ ವರ್ಷದ್ದು ಒಂದು ಸಂಗತಿ. ಸ್ಪ್ರಿಂಟಿನ ಮೂರನೆಯ ದಿನ ಆ್ಯಪ್ ಸರಿಯಿದೆಯೇ ಎಂದು ನೋಡುವ ನಮ್ಮ ಪರೀಕ್ಷಕಿ ಪ್ರಾಂಗಣಕ್ಕೆ ಹೋಗಿ ಒಂದು ಬಿಲ್ಲು ತಂದು ಮೇಜಿನ ಮೇಲಿಟ್ಟರು. ಮೆಕ್ಕೆಜೋಳದ ತೇವಾಂಶ ಹೆಚ್ಚಿದ್ದರೆ ಹಣ ಕಡಿತವಾಗುತ್ತದೆ. ನಮ್ಮ ಬಿಲ್ಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಂಗಡಿಯ ಗುಮಾಸ್ತರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ತೇವ 17’ ಎಂದು ಬರೆದು, ಅಚ್ಚಾದ ಮೊತ್ತವನ್ನು ಹೊಡೆದುಹಾಕಿ ಹೊಸದನ್ನು ಬರೆದಿದ್ದರು. “ಸರ್, ರೈತರೊಬ್ಬರು ಅಲ್ಲೇ ನಿಂತು, ಅಚ್ಚಾಗಿದ್ದು ನಿಜವೋ ಬರೆದಿದ್ದು ನಿಜವೋ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ” ಎಂದರು.

ನಾನು “ಮುಂದಿನ ಸ್ಪ್ರಿಂಟಿಗೆ ಹಾಕೋಣ” ಎಂದೆ. ಆ ಮಾತು ಇಂದಿಗೂ ಚುಚ್ಚುತ್ತದೆ. ಸ್ಕ್ರಮ್ ಹಾಗೆ ಮಾಡಿ ಎಂದು ಹೇಳುವುದಿಲ್ಲ. ಸ್ಪ್ರಿಂಟಿನ ಗುರಿಗೆ ಧಕ್ಕೆ ಬಾರದಂತೆ ನಡುವೆಯೂ ಕೆಲಸ ಬದಲಿಸಬಹುದು. ಆದರೆ ಗಡುವು ತಲೆಯ ಮೇಲಿದ್ದಾಗ ನಾನು ಪಟ್ಟಿಯನ್ನು ಕಾಯ್ದೆ, ಪ್ರಾಂಗಣವನ್ನು ಕಾಯಲಿಲ್ಲ. ಆ ಕೆಂಪು ಶಾಯಿ ಸುಮಾರು ನಾಲ್ಕು ವಾರ ನಡೆಯಿತು, ಸುಗ್ಗಿಯ ಭರಾಟೆಯಲ್ಲಿ.

ಕಾನ್‌ಬಾನ್ ವರ್ಷ ಹಮಾಲಿಯ ಲೆಕ್ಕದಲ್ಲಿ ಇಂಥದ್ದೇ ದೂರು ಬಂತು. ಚೀಟಿ ಬರೆದು, ಮುಂದೆ ಮಾಡಬೇಕಾದ ಕೆಲಸಗಳ ಸಾಲಿನ ತಲೆಗೆ ಅಂಟಿಸಿದೆವು. ಮಧ್ಯಾಹ್ನ ಒಂದು ಕೆಲಸ ಮುಗಿಯಿತು, ಇದನ್ನು ಎತ್ತಿಕೊಂಡರು, ಮೂರನೆಯ ದಿನ ಅಂಗಡಿಗಳ ಮೊಬೈಲಿಗೆ ತಲುಪಿತು. ಇನ್ನೊಂದು ಲಾಭವನ್ನು ನಾನು ಎಣಿಸಿರಲಿಲ್ಲ: ಮೂರರ ಮಿತಿಯಿಂದಾಗಿ, ಕೈ ಖಾಲಿಯಾದವರು ಹೊಸದನ್ನು ಶುರು ಮಾಡದೆ ಪಕ್ಕದವರ ಕೆಲಸಕ್ಕೆ ಹೆಗಲು ಕೊಡತೊಡಗಿದರು. ಅದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಆದರೆ ರೈತರ ಖಾತೆಯ ಪುಟ? ಅದು ದೊಡ್ಡ ಕೆಲಸ, ಕೇಳುವ ಗಡುವಿಲ್ಲ. ಅದರ ಚೀಟಿ ನಾಲ್ಕು ತಿಂಗಳು ‘ನಡೆಯುತ್ತಿದೆ’ ಅಂಕಣದಲ್ಲೇ ಇದ್ದು ಅಂಚು ಸುರುಟಿ, ಅಂಟು ಬಿಟ್ಟು ಎರಡು ಸಲ ನೆಲಕ್ಕೆ ಬಿತ್ತು. ಸ್ಪ್ರಿಂಟಿನಲ್ಲಿ ಇಂಥ ಕೆಲಸವನ್ನು ತುಂಡು ಮಾಡಿಯೇ ತೀರಬೇಕಿತ್ತು.

ನನ್ನ ಆಯ್ಕೆ ಕಾನ್‌ಬಾನ್. ಸುಗ್ಗಿಯಲ್ಲಂತೂ ಎರಡು ಮಾತಿಲ್ಲ. ಸ್ಕ್ರಮ್‌ನಿಂದ ಉಳಿಸಿಕೊಂಡದ್ದು ತೋರಿಸುವ ಸಭೆಯನ್ನು ಮಾತ್ರ. ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಇಬ್ಬರು ಗುಮಾಸ್ತರು ನಮ್ಮ ಕಚೇರಿಗೆ ಬರುತ್ತಾರೆ. ಖಾತೆಯ ಪುಟವನ್ನು ಅರ್ಧವೇ ಆಗಿದ್ದಾಗ ತೋರಿಸಿದೆವು. ಹಿರಿಯರು ಕನ್ನಡಕ ಹಣೆಗೇರಿಸಿ ನೋಡಿ, “ಮುಂಗಡ ಕೊಟ್ಟ ಹಣ ಎಲ್ಲಿ ಬರೆಯಲಿ?” ಎಂದರು. ಅದಕ್ಕೂ ಜಾಗ ಇರಲಿಲ್ಲ. ಸೋಮವಾರ ಬೆಳಿಗ್ಗೆ ಮುಂಗಡದ ಚೀಟಿ ಸಾಲಿನ ತಲೆಯಲ್ಲಿತ್ತು.