ಡಬ್ಬದ ಮೇಲೆ 300, ಬಂದಿದ್ದು 94! ರೂಟರ್ ತಗೊಳ್ಳೋ ಮುಂಚೆ ಇದನ್ನೋದಿ

ಫೈಬರ್ ಕನೆಕ್ಷನ್, 200 ಎಂಬಿಪಿಎಸ್ ಪ್ಲಾನ್. ಅಂಗಡಿಯವನು ಕೊಟ್ಟ ರೂಟರ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 300 ಎಂಬಿಪಿಎಸ್. 200ಕ್ಕೆ 300 ಧಾರಾಳ ಸಾಕು ಅನ್ಸಲ್ವಾ? ಅಲ್ಲೇ ಬೇಸ್ತು ಬಿದ್ದಿದ್ದು.

ವೈಫೈನಲ್ಲಿ 45. ಗೋಡೆ ಅಡ್ಡ ಇದೆಯೇನೋ ಅಂತ ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿದ್ರೆ 94. ಎಷ್ಟು ಸಲ ನೋಡಿದ್ರೂ 94. ಈ ಅಂಕಿ ಕಂಡ್ರೆ ದಾರಿಯಲ್ಲೆಲ್ಲೋ 100ರ ಪೋರ್ಟೋ (ಕೇಬಲ್ ಚುಚ್ಚೋ ತೂತು) ಸರಿಯಿಲ್ಲದ ಕೇಬಲ್ಲೋ ಕೂತಿದೆ ಅಂತಲೇ ಅರ್ಥ. ಆಗ ಡಬ್ಬ ತಿರುಗಿಸಿ ನೋಡಿದೆ. ಪಕ್ಕದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ: ವ್ಯಾನ್ ಪೋರ್ಟ್ (ಇಂಟರ್ನೆಟ್ ಲೈನ್ ಒಳಗೆ ಬರೋ ತೂತು) 10/100, ಅಂದ್ರೆ ಹೆಚ್ಚಂದ್ರೆ 100. ಮುಖಕ್ಕೆ ಹೊಡೆದ ಹಾಗಾಯ್ತು. ಆ 300 ಬರೀ 2.4 ಗಿಗಾಹರ್ಟ್ಸ್ ವೈಫೈನ ಕಾಗದದ ಲೆಕ್ಕ. ಒಳಗೆ ಬರೋ ಬಾಗಿಲೇ 100 ಆದ್ರೆ 200 ಎಲ್ಲಿಂದ ನುಗ್ಗುತ್ತೆ?

ಅಂಗಡಿಗೆ ಹೋದ್ರೆ, "ವೈಫೈ ಅಂದ್ಮೇಲೆ ಅಷ್ಟೇ ಸಾರ್." ಕೇಬಲ್‌ನಲ್ಲೂ 94 ಕಣ್ರೀ ಅಂದ್ರೆ, "ಹಾಗಾದ್ರೆ ಲೈನ್ ಪ್ರಾಬ್ಲಂ." ಲೈನಿನವರು ಫೈಬರಿನ ಬೆಳಕಿನ ಬಲ ಅಳೆಯೋ ಪವರ್ ಮೀಟರ್ ಇಟ್ಟು ಮೈನಸ್ 19 ಡಿಬಿಎಂ ತೋರಿಸಿದ್ರು, ಲೈನ್ ಪಕ್ಕಾ ಇದೆ. ಮತ್ತೆ ಅಂಗಡಿಗೆ. "ಬರೆದಿದೆಯಲ್ಲ ಸಾರ್, ಓದಿ ತಗೋಬೇಕಿತ್ತು. ಸೀಲ್ ಒಡೆದಿದೆ, ವಾಪಸ್ ಇಲ್ಲ." ಓದಿ ತಗೋಬೇಕಿತ್ತಂತೆ!

ಮೇಲಿಂದ ಇನ್ನೊಂದು ಡಬ್ಬ ತೋರಿಸ್ತಾನೆ: "ಮೋಡೆಮ್ ರೂಟರ್ ಸಾರ್, ಯಾವ ಲೈನಿಗಾದ್ರೂ ಆಗುತ್ತೆ." ಹಿಂದೆ ನೋಡಿದ್ರೆ ಫೋನ್ ವೈರಿನ ಸಣ್ಣ ಆರ್‌ಜೆ11 ತೂತು. ಅದು ಹಳೇ ತಾಮ್ರದ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್‌ದು. ಫೈಬರಿನ ಹಸಿರು ಕನೆಕ್ಟರ್ ಹೋಗೋದು ಒಎನ್‌ಟಿಗೆ (ಫೈಬರಿನ ಬೆಳಕನ್ನ ಇಂಟರ್ನೆಟ್ ಸಿಗ್ನಲ್ ಮಾಡೋ ಪೆಟ್ಟಿಗೆ) ಮಾತ್ರ. ಅದನ್ನೂ ನೀವೇ ಕೊಂಡು ತಂದ್ರೆ, ಸೀರಿಯಲ್ ನಂಬರ್ ಲೈನಿನವರ ಕಡೆ ಸೇರಿಸೋವರೆಗೂ ಅದರ ಮೇಲಿನ PON ಅನ್ನೋ ಫೈಬರ್ ದೀಪ ಮಿಣುಕ್ತಾನೇ ಇರುತ್ತೆ.

ಕೊಳ್ಳೋವಾಗ ಡಬ್ಬದ ಮುಂಭಾಗ ನೋಡ್ಲೇಬೇಡಿ. ವ್ಯಾನ್, ಲ್ಯಾನ್ (ಮನೆಯೊಳಗಿನ ಲ್ಯಾಪ್‌ಟಾಪ್, ಟಿವಿಗೆ ಕೇಬಲ್ ಹೋಗೋ ತೂತು) ಎರಡೂ 10/100/1000 ಇರಬೇಕು, 5 ಗಿಗಾಹರ್ಟ್ಸ್ ವೈಫೈ ಇರಬೇಕು. ಒಎನ್‌ಟಿಯಲ್ಲೂ ಕೆಲವಕ್ಕೆ ಒಂದು ಪೋರ್ಟ್ ಗಿಗಾಬಿಟ್ (ಅಂದ್ರೆ 1000), ಇನ್ನೊಂದು 100. ಲೈನ್ ಹಾಕೋಕೆ ಬಂದ ಹುಡುಗ ಕೈಗೆ ಸಿಕ್ಕಿದ್ದಕ್ಕೆ ಚುಚ್ಚಿ ಹೋಗ್ತಾನೆ. ಕೇಬಲ್ಲೂ ನೋಡಿ: ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, ಒಂದು ಕೂತಿಲ್ಲ ಅಂದ್ರೂ 100ಕ್ಕೆ ಇಳಿಯಬಹುದು, ಮತ್ತದೇ 94. ಲ್ಯಾಪ್‌ಟಾಪ್‌ನ ಎತರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 1000 ಅಂತ ಕಾಣೋವರೆಗೂ ಆ ಹುಡುಗನ್ನ ಕಳಿಸ್ಬೇಡಿ.

ಆಗಲೇ ಕೊಂಡು ಕೂತಿದ್ರೆ ಎಸೀಬೇಡಿ. ಅದರ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) 192.168.1.2 ಥರ ಹೊಸ ರೂಟರಿಗಿಂತ ಬೇರೆ ಮಾಡಿ, ಡಿಎಚ್‌ಸಿಪಿ (ಬೇರೆ ಸಾಧನಗಳಿಗೆ ತಾನೇ ಐಪಿ ಹಂಚೋ ಕೆಲಸ) ಆಫ್ ಮಾಡಿ, ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಹೊಸ ರೂಟರಿಂದ ಕೇಬಲ್ ಹಾಕಿ ಟಿವಿ ಹಿಂದೆ ಇಡಿ. 4ಕೆ ವಿಡಿಯೋಗೆ 25 ಎಂಬಿಪಿಎಸ್ ಇದ್ರೆ ಆಯ್ತು, ಅಷ್ಟು ಅದು ಎಳೆಯುತ್ತೆ. ನಮ್ಮ 300 ಈಗ ಅಲ್ಲೇ ಧೂಳು ತಿಂತಾ ಬಿದ್ದಿದೆ.